ಎಲ್ಲಿ ನಗಬೇಕು

ತೆಲಂಗಾಣ ರಾಜ್ಯಕ್ಕಾಗಿ ಹೋರಾಟ ಕಾವೇರಿದ್ದ ಕಾಲ. ಕರ್ನಾಟಕದ ಗಡಿ ಹತ್ತಿರದ ಮಖ್ತಲ್ ಬಜಾರಿನಲ್ಲಿ ನನ್ನದೊಂದು ಸೀರೆ ಅಂಗಡಿ. ಮೇಲಿಂದ ಮೇಲೆ ಬಂದ್. ಬಸ್ಸು ನಿಂತರೆ ನಾರಾಯಣಪೇಟೆಯಿಂದಲೂ ಗದ್ವಾಲದಿಂದಲೂ ಸೀರೆ ಗಂಟು ಬರುತ್ತಿರಲಿಲ್ಲ. ಯಾರೂ ಹೇಳುವ ಮೊದಲೇ ನಾನು ಶಟರ್ ಇಳಿಸುತ್ತಿದ್ದೆ. ಹೆದರಿ ಅಲ್ಲ, ಮೆರವಣಿಗೆಯಲ್ಲಿ ಗಂಟಲು ಹರಿಯುವ ಹಾಗೆ ಕೂಗಿದವರಲ್ಲಿ ನಾನೂ ಒಬ್ಬ.

ಆಗ ಊರ ಟಾಕೀಸಿಗೆ ಒಂದು ತೆಲುಗು ಹಾಸ್ಯಚಿತ್ರ ಬಂತು. ಕಥೆಯಿಲ್ಲ, ತಲೆಬುಡವಿಲ್ಲ ಎಂದು ಪೇಪರಿನವರು ಹಿಗ್ಗಾಮುಗ್ಗಾ ಬೈದಿದ್ದರು. ಅದಕ್ಕಿಂತ ಕೆಟ್ಟ ಮಾತು ಬಜಾರಿನಲ್ಲಿ ಹಬ್ಬಿತು. ಚಿತ್ರದಲ್ಲಿ ಒಬ್ಬ ಅಡುಗೆಯವನಿದ್ದಾನೆ, ನಮ್ಮ ಕಡೆಯ ತೆಲುಗು ಮಾತಾಡುತ್ತಾನೆ, ಹೆಜ್ಜೆಹೆಜ್ಜೆಗೂ ಯಜಮಾನನ ಕೈಯಲ್ಲಿ ಹೊಡೆತ ತಿನ್ನುತ್ತಾನೆ. ನಮ್ಮನ್ನು ಆಡಿಕೊಳ್ಳಲೆಂದೇ ತೆಗೆದ ಸಿನಿಮಾ ಅದು ಎಂದರು.

ನಾನು ಹೆಂಡತಿಯ ಜೊತೆ ಅದನ್ನು ನೋಡಿದ್ದೆ. ಇಬ್ಬರೂ ಹೊಟ್ಟೆ ಹಿಡಿದುಕೊಂಡು ನಕ್ಕಿದ್ದೆವು. ಹಾಗಾಗಿ ಚಾ ಹೋಟೆಲಿನಲ್ಲಿ ಪೇಪರ್ ಓದುತ್ತಿದ್ದ ನಿವೃತ್ತ ಮೇಷ್ಟರು, "ಇಂಥಾ ಹೊಲಸು ಸಿನಿಮಾ ಯಾವಾಗೂ ಬಂದಿಲ್ಲ" ಎಂದಾಗ ಸುಮ್ಮನಿರಲು ಆಗಲಿಲ್ಲ.

"ಮೇಷ್ಟ್ರೇ, ಅವ ಹೊಡ್ತ ತಿಂತಾನ, ಖರೆ. ಆದ್ರ ಕಡೀಕ ಮಂಗ ಆಗೋದು ಯಾರು, ನೀವ ನೋಡ್ರಿ. ಏನು ಹೇಳಿದ್ರೂ 'ಗಟ್ಲನೇ ದೊರಾ', ಹಂಗ ಆಗ್ಲಿ ಧಣಿ, ಅಂತಾನ. ಮಾಡೋದು ಪೂರಾ ಉಲ್ಟಾ! ಉಪ್ಪು ಕಮ್ಮಿ ಹಾಕು ಅಂದ್ರ ಬೊಗಸಿ ತುಂಬ ಸುರೀತಾನ. ಬೀಗರ ಮುಂದ ಆ ದೊರಿ ಅದನ್ನ ಉಂಡು, ಕಣ್ಣಾಗ ನೀರು ತುಂಬ್ಕೊಂಡು, ಭಾಳ ರುಚಿ ಆಗೈತಿ ಅನಬೇಕು. ಅದು ನಮ್ಮ ಮಂದೀನ ಬೈದಂಗೇನ್ರಿ?"

ಮೇಷ್ಟರು ಪೇಪರ್ ಮಡಚಿದರು. ಮೂಲೆಯ ಬೆಂಚಿನಲ್ಲಿದ್ದ, ನಾನು ಕಂಡಿರದ ಒಬ್ಬ ಗಡ್ಡದವನು ಮೆಲ್ಲಗೆ ಕೇಳಿದ, "ಅಂಗಡಿ ಯಾವುದ್ರೀ ಸಾವ್ಕಾರ್ರ ನಿಮ್ದು?"

ಹೇಳಿದೆ. ಅವನು ಮತ್ತೇನೂ ಕೇಳದೆ ಎದ್ದು ಹೋದ. ಹೋಟೆಲಿನವನು ನನ್ನ ಕಡೆ ಬಗ್ಗಿ, "ಮರಿಕಲ್ ಕಡಿಯವ. ಬಂದ್ ಮಾಡ್ಸಾಕ ಬಂದಾನ. ಯಾಕ ಬೇಕಿತ್ತು ನಿಮಗ?" ಎಂದ.

ಮರುದಿನ ಮಧ್ಯಾಹ್ನ ಅದೇ ಗಡ್ಡದವನು ಹತ್ತಿಪ್ಪತ್ತು ಮಂದಿಯ ಜೊತೆ ನನ್ನ ಅಂಗಡಿ ಮೆಟ್ಟಿಲ ಬಳಿ ನಿಂತಿದ್ದ. ದನಿಯಲ್ಲಿ ಸಿಟ್ಟಿರಲಿಲ್ಲ. ಸಿಟ್ಟಿದ್ದಿದ್ದರೆ ನನಗೆ ಎಷ್ಟೋ ಧೈರ್ಯವಿರುತ್ತಿತ್ತು.

"ಟಾಕೀಸಿಗೆ ಹೋಗೂಣ ಬರ್ರಿ. ಎಲ್ಲಿ ನಗಬೇಕಂತ ನಮಗೂ ತೋರಸ್ರಿ."

ನಾನು ಶಟರ್ ಎಳೆದೆ. ಬಜಾರಿನಲ್ಲಿ ನಮ್ಮ ಗುಂಪು ಸಾಗಿದಂತೆಲ್ಲ ಎರಡೂ ಕಡೆಯ ಅಂಗಡಿಗಳು ಬಾಗಿಲು ಹಾಕಿಕೊಂಡವು. ಗುರುತಿನವರು ನನ್ನ ಮುಖ ನೋಡಿ ಬೇರೆ ಕಡೆ ತಿರುಗಿದರು.

ಟಾಕೀಸು ಖಾಲಿ ಇತ್ತು. ನನ್ನನ್ನು ನಡುವಿನ ಸಾಲಿನಲ್ಲಿ ಕೂರಿಸಿ ಗಡ್ಡದವನು ಪಕ್ಕಕ್ಕೆ ಕುಳಿತ. ಉಳಿದವರು ಹಿಂದೆ. ಆಟ ಶುರುವಾಯಿತು. ನಾನು ಹೆಂಡತಿಯ ಜೊತೆ ಕೂತು ನಕ್ಕಿದ್ದ ಜಾಗಗಳೆಲ್ಲ ಒಂದೊಂದಾಗಿ ಬಂದು ಹೋದವು. ಯಾರೂ ಉಸಿರೆತ್ತಲಿಲ್ಲ.

ಊಟದ ದೃಶ್ಯ ಬಂತು. ಗಡ್ಡದವನು ನನ್ನ ಕಡೆ ಬಾಗಿದ. "ಇದೇನ್ರಿ?"

"ಹೂಂ, ಇದ. ಈಗ ಉಪ್ಪು ಹಾಕ್ತಾನ ನೋಡ್ರಿ" ಎಂದೆ.

ಪರದೆಯ ಮೇಲೆ ದೊರೆ ಮೊದಲ ತುತ್ತು ಬಾಯಿಗಿಟ್ಟ. ಹಿಂದಿನ ಸಾಲಿನಿಂದ ಒಬ್ಬ ತಡೆಯಲಾರದೆ ಕಿಸಕ್ಕನೆ ನಕ್ಕುಬಿಟ್ಟ. ಗಡ್ಡದವನು ತಿರುಗಿ ನೋಡಿದ. ನಗು ಅಲ್ಲೇ ಕತ್ತರಿಸಿ ಬಿತ್ತು. ನಕ್ಕವನು ಕೆಂಪು ಅಂಗಿಯವನು. ಅವನೇ ಎದ್ದು, ತನ್ನ ಕುರ್ಚಿಯನ್ನು ಕಿತ್ತು, ಎಲ್ಲರಿಗಿಂತ ಮೊದಲು ಪರದೆಗೆ ಎಸೆದ. ಆಮೇಲೆ ಉಳಿದವರೂ ಎದ್ದರು. ಪರದೆ ಸೀಳಿಹೋಯಿತು. ಅಡುಗೆಯವನ ಮುಖ ಆ ಸೀಳಿನ ಮೇಲೆ ಸ್ವಲ್ಪ ಹೊತ್ತು ಮಾತಾಡುತ್ತಲೇ ಇತ್ತು; ಬಳಿಕ ಆಟ ನಿಂತು ದೀಪ ಹತ್ತಿತು.

ಕೆಂಪು ಅಂಗಿಯವನು ನನ್ನ ಮುಂದೆಯೇ ಹಾದುಹೋದ. ತಲೆ ಎತ್ತಲಿಲ್ಲ.

ಗಡ್ಡದವನು ನನ್ನ ಹೆಗಲ ಮೇಲೆ ಕೈಯಿಟ್ಟ. "ಮನೀಗೆ ಹೋಗ್ರಿ ಸಾವ್ಕಾರ್ರ. ಮನ್ಯಾಗ ಮಂದಿ ಕಾಯ್ತಿರ್ತಾರ." ನನ್ನ ಮನೆಯಲ್ಲಿ ಯಾರಿದ್ದಾರೆಂದು ಅವನಿಗೆ ನಾನು ಹೇಳಿರಲಿಲ್ಲ.

ಹೆಂಡತಿ ಎಲ್ಲ ಕೇಳಿ, "ಇನ್ನ ಮ್ಯಾಲೆ ಆ ಸಿನಿಮಾದ ಹೆಸರು ಎತ್ತಬ್ಯಾಡ್ರಿ" ಎಂದಳು. ಆಗಲಿ ಎಂದೆ. ನಾಲ್ಕು ದಿನ ಚಾ ಹೋಟೆಲಿನ ಕಡೆ ಹೋಗಲೂ ಇಲ್ಲ.

ಐದನೇ ದಿನ ಹೋದಾಗ ಮೇಷ್ಟರೇ ಮಾತು ತೆಗೆದರು. ಅವರ ಮುಖವೂ ಬಾಡಿತ್ತು. "ಪರದಿ ಹರೀಬಾರದಿತ್ತು. ಆದ್ರೂ ಸಿನಿಮಾ ಹೊಲಸ ಬಿಡ್ರಿ. ಈಗರ ಒಪ್ಕೋತೀರಿಲ್ಲೋ?"

ಸುತ್ತಲ ಬೆಂಚುಗಳನ್ನು ನೋಡಿದೆ. ಗುರುತಿಲ್ಲದ ಮುಖಗಳೂ ಇದ್ದವು.

"ಇಲ್ರಿ ಮೇಷ್ಟ್ರೇ, ಸಿನಿಮಾ ಛಲೋ ಐತಿ" ಎಂದೆ.

ನನ್ನ ಪಕ್ಕದಲ್ಲಿ ಕೂತಿದ್ದ ಇಬ್ಬರು ತಮ್ಮ ಚಾ ಕಪ್ಪು ಎತ್ತಿಕೊಂಡು ಹೊರಗೆ ಹೋಗಿ ನಿಂತರು.