ಎರಡೂ ಕೈಯಿದ್ದ ಬಸಪ್ಪ

1963ರಲ್ಲಿ ನಾನು ಹುಬ್ಬಳ್ಳಿಯ ಒಂದು ಕನ್ನಡ ದಿನಪತ್ರಿಕೆಗೆ ಇಚಲಕರಂಜಿಯ ಬಾತ್ಮೀದಾರನಾಗಿದ್ದೆ. ಕೊಲ್ಹಾಪುರ ಮತ್ತು ಗಡಹಿಂಗ್ಲಜದ ಸುದ್ದಿಯೂ ನನ್ನ ಕೊರಳಿಗೇ ಬಿದ್ದಿತ್ತು. ಮಗ್ಗದ ಮಾಲಕರ ಪಾಲಿಗೆ ನಾನು ಕನ್ನಡದ ಕೂಲಿಗಳನ್ನು ಎತ್ತಿಕಟ್ಟುವವ. ಕೂಲಿಗಳ ಪಾಲಿಗೆ ಮಾಲಕರ ಚಹಾ ಕುಡಿಯುವವ. ಸಂಪಾದಕರ ಪಾಲಿಗೆ ತಿಂಗಳಿಗೊಂದು ತಂಟೆ ತಂದಿಡುವವ. ಮೂರೂ ಕಡೆಯಿಂದ ಬೈಗಳು ತಪ್ಪದೆ ಬರುತ್ತಿದ್ದವು. ನಾನೂ ಸಾಧುವಲ್ಲ, ತಿರುಗಿ ಬೈಯುತ್ತಿದ್ದೆ.

ಆಗ ನಮ್ಮ ಕಡೆ ಟೀವಿ ಎಲ್ಲಿಂದ ಬರಬೇಕು? ಆದರೆ ಇಂದು ಟೀವಿಯಲ್ಲಿ ಚರ್ಚೆ ಎಂಬ ಹೆಸರಿನಲ್ಲಿ ನಡೆಯುವ ಜಗಳ ಆಗಲೂ ಇತ್ತು. ನಾವದನ್ನು ಜಾಹೀರ ಸಭೆ ಎನ್ನುತ್ತಿದ್ದೆವು. ಅಂಥ ಒಂದು ಸಭೆಯಲ್ಲಿ ಊರ ಮುಂದೆ ನನ್ನ ಮಾನ ಹೋಗುವುದರಲ್ಲಿತ್ತು. ನನ್ನ ಮಾನ ಹೋದರೆ ಹೋಗಲಿ, ಅದರ ಜೊತೆಗೆ ಕೈ ಕಳೆದುಕೊಂಡ ಒಬ್ಬ ಮನುಷ್ಯನಿಗೆ ಆ ಕೈ ಎಲ್ಲಿ ಹೋಯಿತೆಂದು ಹೇಳುವ ಹಕ್ಕೂ ಹೋಗುವುದರಲ್ಲಿತ್ತು.

ಮೊದಲು ಶೆಡ್ಡಿನ ವಿಷಯ ಹೇಳುತ್ತೇನೆ. ಆಗಿನ ಸಣ್ಣ ಶೆಡ್ಡುಗಳಲ್ಲಿ ಮಗ್ಗಕ್ಕೊಂದು ಮೋಟಾರು ಇರುತ್ತಿರಲಿಲ್ಲ. ಛಾವಣಿಯ ಕೆಳಗೆ ಉದ್ದಕ್ಕೂ ಒಂದು ಕಬ್ಬಿಣದ ಶಾಫ್ಟು ತಿರುಗುತ್ತಿತ್ತು. ಅದರಿಂದ ಪ್ರತಿ ಮಗ್ಗಕ್ಕೂ ಒಂದು ಚರ್ಮದ ಪಟ್ಟಾ ಇಳಿದಿರುತ್ತಿತ್ತು. ಆ ಪಟ್ಟಾಕ್ಕೆ ತೋಳೋ ಧೋತರವೋ ಸಿಕ್ಕರೆ ಮನುಷ್ಯನನ್ನೇ ಎಳೆದುಕೊಳ್ಳುತ್ತಿತ್ತು. ಅದರ ಸುತ್ತ ತಂತಿಯ ಜಾಳಿಗೆ ಇರಬೇಕೆಂದು ಕಾಯ್ದೆ ಹೇಳುತ್ತಿತ್ತು. ಕಾಯ್ದೆ ಕೊಲ್ಹಾಪುರದ ಕಚೇರಿಯಲ್ಲಿತ್ತು, ಪಟ್ಟಾ ಇಚಲಕರಂಜಿಯಲ್ಲಿ ತಿರುಗುತ್ತಿತ್ತು.

ಊರೆಲ್ಲ ತಾತ್ಯಾ ಎಂದು ಕರೆಯುತ್ತಿದ್ದ ಒಬ್ಬ ಮಾಲಕ ಆ ವರ್ಷ ನಗರಪಾಲಿಕೆಯ ಚುನಾವಣೆಗೆ ನಿಂತಿದ್ದ. ನನ್ನ ಶೆಡ್ಡಿನಲ್ಲಿ ಇದುವರೆಗೆ ಒಬ್ಬನ ಉಗುರಿಗೂ ಪೆಟ್ಟಾಗಿಲ್ಲ ಎಂದು ಭಾಷಣದಲ್ಲೆಲ್ಲ ಹೇಳುತ್ತಿದ್ದ. ಒಂದು ದಿನ ಪಕ್ಕದ ಊರು ಯಡ್ರಾವದ ಚಹಾದಂಗಡಿಯಲ್ಲಿ ಬೇರೆಯೇ ಮಾತು ಕೇಳಿಬಂತು. ತಾತ್ಯಾನ ಶೆಡ್ಡಿನಲ್ಲಿ ಬಸಪ್ಪನೆಂಬ ನೇಕಾರನ ಕೈ ಪಟ್ಟಾಕ್ಕೆ ಸಿಕ್ಕಿದೆ, ಕೊಲ್ಹಾಪುರದ ದವಾಖಾನೆಗೆ ಒಯ್ದಿದ್ದಾರೆ ಎಂದು. ಚಹಾದಂಗಡಿಯ ಸುದ್ದಿಯನ್ನು ಹಾಗೇ ಬರೆಯುವ ಚಟ ನನಗೆಂದೂ ಇರಲಿಲ್ಲ. ಕೊಲ್ಹಾಪುರದ ಬಸ್ಸು ಹತ್ತಿದೆ.

ದವಾಖಾನೆಯಲ್ಲಿ ಅವನಿದ್ದ. ಬಲಗೈ ಮೊಣಕೈಯ ಮೇಲಿನಿಂದಲೇ ಹೋಗಿತ್ತು. ಹಾಸಿಗೆಯ ಪಕ್ಕದಲ್ಲಿ ಅವನ ಹೆಂಡತಿ ಕಲ್ಲವ್ವ ನೆಲದ ಮೇಲೆ ಕೂತಿದ್ದಳು. ಅವಳ ಮಡಿಲಲ್ಲಿ ನುಣ್ಣಗೆ ತಲೆ ಬೋಳಿಸಿದ ಒಂದು ಕೂಸು. ನಾನು ಹೆಸರು ಕೇಳಿದೆ.

“ಬಸಪ್ಪ” ಎಂದ ಅವನು, ಗೋಡೆಯ ಕಡೆ ಮುಖ ತಿರುಗಿಸಿ.

ನಮ್ಮ ಕಸುಬಿನಲ್ಲಿ ಒಂದು ನಿಯಮವಿದೆ. ಒಂದು ಬಾಯಿ ಹೇಳಿದ್ದನ್ನು ಎರಡನೆಯ ಬಾಯಿ ಹೇಳುವ ತನಕ ಅದು ಸುದ್ದಿಯಲ್ಲ. ಹಾಗಾಗಿ ಹೆಂಡತಿಯನ್ನು ಕೇಳಿದೆ: “ಇವರ ಹೆಸರು ಬಸಪ್ಪ ಹೌದಲ್ಲವಾ?”

ಅವಳು ಸೆರಗನ್ನು ಬಾಯಿಗೆ ಒತ್ತಿಕೊಂಡು ತಲೆ ಕೆಳಗೆ ಹಾಕಿದಳು. ಗಂಡನ ಹೆಸರು ಹೇಳಿದರೆ ಅವನ ಆಯುಷ್ಯ ಕಡಿಮೆಯಾಗುತ್ತದೆಂದು ನಂಬಿದ ಮಂದಿ ನಮ್ಮವರು. ನಮ್ಮವ್ವ ಕೂಡ ನಮ್ಮಪ್ಪನ ಹೆಸರನ್ನು ಒಮ್ಮೆಯೂ ಹೇಳಿದವಳಲ್ಲ. ಆ ನಾಚಿಕೆಯನ್ನು ನಾನು ಹೂಂ ಎಂದೇ ಬರೆದುಕೊಂಡೆ. ಅವಳ ಮುಜುಗರ ಹೋಗಲೆಂದು ಕೂಸಿನ ಮೊದಲ ಮುಡಿಯ ಮಾತು ತೆಗೆದೆ.

“ಜವಳ ಆಗೇತೇನವಾ ಕೂಸಿಂದು?”

“ಹೌದ್ರಿ. ಕೈ ಹೋದ ದಿವಸನ ಆತು, ಗಡಹಿಂಗ್ಲಜ ಕಡೆ ನಮ್ಮೂರಾಗ. ನಮ್ಮ ತಮ್ಮ ಬಂದಿದ್ದ. ಆರತಿ ಮಾಡೂದರಾಗ ಈ ಸುದ್ದಿ ಬಂತ್ರಿ” ಎಂದು ಅಳತೊಡಗಿದಳು. ಕೂಸು ಅವಳ ಗದ್ದದ ನಡುವಿನ ಕುಳಿಯಲ್ಲಿ ಬೆರಳಿಟ್ಟು ಆಡುತ್ತಿತ್ತು.

ಇಚಲಕರಂಜಿಗೆ ಬಂದು ತಾತ್ಯಾನ ದಿವಾಣಜಿಯನ್ನು, ಎಂದರೆ ಶೆಡ್ಡಿನ ಕಾರಕೂನನನ್ನು ಕೇಳಿದೆ. ಏನೂ ಆಗಿಲ್ಲ ಎಂದು ಬಾಗಿಲು ಹಾಕಿಕೊಂಡ. ಅವನ ಆ ಮಾತನ್ನೂ ಸೇರಿಸಿ ಸುದ್ದಿ ಕಳಿಸಿದೆ. ಬಸಪ್ಪನೆಂಬ ನೇಕಾರ ಬಲಗೈ ಕಳೆದುಕೊಂಡಿದ್ದಾನೆ, ಪಟ್ಟಾಕ್ಕೆ ಜಾಳಿಗೆ ಇರಲಿಲ್ಲ ಎಂದು ಅಚ್ಚಾಯಿತು.

ಅದು ಅಚ್ಚಾದ ಮೇಲೆ ನೋಡಿ ಮಜಾ! ನನ್ನ ಸೈಕಲ್ಲಿನ ಎರಡೂ ಟಾಯರು ಯಾರೋ ಕೊಯ್ದರು. ದಿನಾ ಕೂಡುತ್ತಿದ್ದ ಅಂಗಡಿಯವನು ಚಹಾ ಮುಗಿದಿದೆ ಎಂದ. ಅವನ ಹಿಂದೆಯೇ ಕೆಟಲಿ ಕುದಿಯುತ್ತಿತ್ತು. ಸುದ್ದಿ ಸುಳ್ಳಾದರೆ ಹುಬ್ಬಳ್ಳಿಗೆ ಬರುವ ತೊಂದರೆ ತೆಗೆದುಕೊಳ್ಳಬೇಡ ಎಂದು ಸಂಪಾದಕರು ಟ್ರಂಕ್ ಕಾಲ್ ಮಾಡಿ ಹೇಳಿದರು. ಇದೆಲ್ಲದರ ಮೇಲೆ ತಾತ್ಯಾನ ಸವಾಲು ಬಂತು. ವಾಚನಾಲಯದ ಅಂಗಳದಲ್ಲಿ ಜಾಹೀರ ಸಭೆ ಕರೆಯುತ್ತೇನೆ, ಆ ಪತ್ರಕಾರ ಬಂದು ಏನು ಬೇಕಾದರೂ ಕೇಳಲಿ ಎಂದು.

ಹೋದೆ. ಹೋಗದಿದ್ದರೆ ಅಂಜಿದ ಎನ್ನುತ್ತಿದ್ದರು. ಸಂಜೆಯ ಬಿಸಿಲು ಇನ್ನೂ ಇತ್ತು, ಅಂಗಳ ತುಂಬಿ ಗೋಡೆಯ ಮೇಲೂ ಮಂದಿ ಕೂತಿದ್ದರು. ನಾನು ಮೈಕಿನ ಮುಂದೆ ನಿಂತು ನೇರವಾಗಿ ಕೇಳಿದೆ: “ನಿಮ್ಮ ಶೆಡ್ಡಿನಾಗ ಕೈ ಕಳಕೊಂಡ ಬಸಪ್ಪಗ ನೀವು ಏನ ಮಾಡೀರಿ?”

ತಾತ್ಯಾ ಮೀಸೆಯಲ್ಲೇ ನಕ್ಕ. “ಬಸಪ್ಪಾ, ಬಾರೋ ಮ್ಯಾಲ!” ಎಂದು ಕೂಗಿದ.

ಒಬ್ಬ ಎಳೆಯ ನೇಕಾರ ಮೆಟ್ಟಿಲು ಹತ್ತಿ ಬಂದ. ಕುಸ್ತಿ ಗೆದ್ದ ಪೈಲವಾನನಿಗೆ ಮಾಡುವಂತೆ ತಾತ್ಯಾ ಅವನ ಎರಡೂ ಕೈ ಹಿಡಿದು ಮೇಲಕ್ಕೆತ್ತಿದ. “ಹಾ ಬಗಾ, ಇಂವನ ಬಸಪ್ಪ! ನನ್ನ ಶೆಡ್ಡಿನಾಗ ಇರೂದು ಇಂವಾ ಒಬ್ಬನ ಬಸಪ್ಪ. ನೋಡ್ರಿ, ಕೈ ಎರಡೂ ಅದಾವ. ಕಾಯ್ ಹೋ ಪತ್ರಕಾರ, ಆತಾ ಬೋಲಾ! ಈಗ ಮಾತಾಡ್ರಿ!”

ಅಂಗಳ ಹೋ ಎಂದಿತು. ಒಂದು ಚಪ್ಪಲಿ ಬಂದು ನನ್ನ ಭುಜಕ್ಕೆ ಬಿತ್ತು. ಕ್ಷಮೆ ಕೇಳು ಎಂದು ಮರಾಠಿಯಲ್ಲೂ ಬೈದರು, ಕನ್ನಡದಲ್ಲೂ ಬೈದರು. ಕನ್ನಡದ ಬೈಗಳು ಹೆಚ್ಚು ನಟ್ಟವು, ಅವು ನಮ್ಮವರವು. ನಾನು ಕಣ್ಣಾರೆ ಕಂಡ ಆ ಮೊಂಡುಗೈ ಯಾರದು ಹಾಗಾದರೆ?

ಕೈ ಎತ್ತಿಸಿಕೊಂಡು ನಿಂತವನ ಮುಖ ನೋಡಿದೆ. ಗೆದ್ದವನ ಮುಖವಲ್ಲ ಅದು. ಗದ್ದದ ನಡುವೆ ಒಂದು ಕುಳಿ ಇತ್ತು, ಕಲ್ಲವ್ವನ ಗದ್ದದಲ್ಲಿದ್ದಂಥದೇ ಕುಳಿ. ನಮ್ಮ ತಮ್ಮ ಬಂದಿದ್ದ ಎಂದು ಅವಳು ಹೇಳಿದ್ದು ಆಗ ನೆನಪಾಯಿತು. ಅದರ ಹಿಂದೆಯೇ ಬದಲಿಯ ರೂಢಿ ನೆನಪಾಯಿತು.

ಮಗ್ಗ ನಿಲ್ಲಿಸಿ ಊರಿಗೆ ಹೋದ ನೇಕಾರ ತಿರುಗಿ ಬರುವಷ್ಟರಲ್ಲಿ ಅದರ ಮುಂದೆ ಬೇರೆಯವನು ನಿಂತಿರುತ್ತಿದ್ದ. ಅದಕ್ಕಾಗಿ ಊರಿಗೆ ಹೊರಟವನು ಮನೆಯವನನ್ನೋ ಗೆಳೆಯನನ್ನೋ ತನ್ನ ಮಗ್ಗಕ್ಕೆ ಹಚ್ಚಿ ಹೋಗುತ್ತಿದ್ದ. ಇದೇ ಬದಲಿ. ನಿಂತವನು ಊರಿಗೆ ಹೋದವನ ಹೆಸರಿಗೇ ಓಗೊಡಬೇಕು. ದಿವಾಣಜಿಗೂ ಗೊತ್ತು, ಮಾಲಕನಿಗೂ ಗೊತ್ತು, ಮಗ್ಗ ನಡೆದರೆ ಸಾಕೆಂದು ಯಾರೂ ಬಾಯಿ ಬಿಡುತ್ತಿರಲಿಲ್ಲ. ಜವಳದಲ್ಲಿ ಕೂಸನ್ನು ತೊಡೆಯ ಮೇಲೆ ಕೂರಿಸಿಕೊಳ್ಳಬೇಕಾದವನು ಸೋದರಮಾವ. ಅಪ್ಪ ಇಲ್ಲದಿದ್ದರೂ ನಡೆಯುತ್ತದೆ, ಮಾವ ಇಲ್ಲದೆ ಕತ್ತರಿ ಮುಟ್ಟಿಸುವಂತಿಲ್ಲ. ಮಾವ ಬಸಪ್ಪ ಊರಿಗೆ ಹೋಗಿದ್ದ, ಕೂಸಿನ ಅಪ್ಪ ಅವನ ಮಗ್ಗಕ್ಕೆ ನಿಂತಿದ್ದ.

ನಿನ್ನ ಮಗ್ಗ ಯಾರು ನಡೆಸಿದರು ಎಂದು ಬಸಪ್ಪನನ್ನು ಕೇಳಿ ಉಪಯೋಗವಿರಲಿಲ್ಲ. ಆ ಪ್ರಶ್ನೆಗೆ ಉತ್ತರ ಕಲಿಸಿಯೇ ಮೇಲೆ ಹತ್ತಿಸಿರುತ್ತಾರೆ. ಮೊದಲು ತಾತ್ಯಾನನ್ನು ಅವನ ಮಾತಿನಲ್ಲೇ ಕಟ್ಟಿಹಾಕಬೇಕಿತ್ತು.

“ಕೈ ಹೋತು ಅಂತ ನಾ ಬರದೀನಲ್ಲ, ಆ ದಿವಸ ಬಸಪ್ಪ ಕೆಲಸದ ಮ್ಯಾಲಿದ್ದನೇನ್ರಿ?”

“ಇದ್ದ! ಇಡೀ ಪಾಳಿ ಇಂವನ ನಿಂತಾನ. ಮಗ್ಗ ಒಂದ ಮಿನಿಟ ನಿಂತಿಲ್ಲ” ಎಂದು ತಾತ್ಯಾ ಎದೆ ಉಬ್ಬಿಸಿದ.

“ಭಾಳ ಚಲೋ ಆತು” ಎಂದು ನಾನು ಬಸಪ್ಪನ ಕಡೆ ತಿರುಗಿದೆ. “ತಮ್ಮಾ, ನಿಮ್ಮಕ್ಕನ ಮಗಂದು ಜವಳ ಆತಲ್ಲ, ಕೂಸ ಯಾರ ತೊಡೀ ಮ್ಯಾಲ ಕುಂತಿತ್ತು?”

ಈ ಪ್ರಶ್ನೆಗೆ ಅವನಿಗೆ ಯಾರೂ ಉತ್ತರ ಕಲಿಸಿರಲಿಲ್ಲ. ಬೇರೆಯವರ ತೊಡೆ ಎಂದರೆ ಅಕ್ಕನ ತವರೇ ಸತ್ತಂತೆ, ಕೂಸಿಗೆ ಅಪಶಕುನ. ಅಲ್ಲಿದ್ದ ಎಲ್ಲರಿಗೂ ಇದು ಗೊತ್ತಿತ್ತು. ತಾತ್ಯಾ ಇನ್ನೂ ಅವನ ಕೈ ಹಿಡಿದೇ ಇದ್ದ. ಬಸಪ್ಪ ಮೆಲ್ಲಗೆ ಬಿಡಿಸಿಕೊಂಡ.

“ನನ್ನ ತೊಡೀ ಮ್ಯಾಲ್ರಿ.”

“ಯಾವತ್ತು?”

“ಅವತ್ತ ರೀ.”

ಮುಂದಿನ ಪ್ರಶ್ನೆ ನಾನು ಕೇಳಲಿಲ್ಲ, ಗೋಡೆಯ ಮೇಲೆ ಕೂತ ಒಬ್ಬ ಮುದುಕ ಕೇಳಿದ: “ಹಂಗಾರ ಮಗ್ಗದ ಮುಂದ ಯಾಂವ ಇದ್ದನೋ?”

“ನಮ್ಮಕ್ಕನ ಗಂಡ ಸಿದ್ರಾಮ. ನನ್ನ ಬದಲಿ ನಿಂತಿದ್ದ” ಎಂದ ಬಸಪ್ಪ. ಅಷ್ಟರಲ್ಲಿ ದಿವಾಣಜಿ ಮೈಕಿನ ವಾಯರು ಕಿತ್ತ. ಆದರೆ ಮಾತು ಅಂಗಳಕ್ಕೆಲ್ಲ ಕೇಳಿಸಿ ಆಗಿತ್ತು.

ಸಭೆ ಗೆದ್ದೆನೆಂದು ಹಿಗ್ಗಿದ ನಾನು ಹುಚ್ಚ. ತಾತ್ಯಾ ಮರುದಿನವೇ ವರಸೆ ಬದಲಿಸಿದ. ಬಸಪ್ಪನಿಗೆ ತಲೆ ಕೆಟ್ಟಿದೆ, ದವಾಖಾನೆಯಲ್ಲಿರುವವನೇ ತನ್ನ ಹೆಸರು ಬಸಪ್ಪ ಎನ್ನುತ್ತಾನೆ, ಅವನು ಬೇರೆ ಎಲ್ಲೋ ಕೈ ಮುರಿದುಕೊಂಡ ಯಾವನೋ ಬಸಪ್ಪ, ಸಿದ್ರಾಮ ಎಂಬವನು ಇದ್ದಾನೆಂದು ಯಾರು ಹೇಳುತ್ತಾರೆ ಎಂದ. ಕಾರಖಾನೆ ಇನ್ಸ್‌ಪೆಕ್ಟರು ವಿಚಾರಣೆಗೆ ಕೊಲ್ಹಾಪುರದ ದವಾಖಾನೆಗೆ ಬಂದರು. ದಿವಾಣಜಿಯೂ ಬಂದ, ನಾನೂ ಹೋದೆ.

ಇನ್ಸ್‌ಪೆಕ್ಟರು ಮರಾಠಿಯವರು, ನೆಟ್ಟಗಿನ ಮನುಷ್ಯ. ಹೆಸರು ಕೇಳಿದರು.

“ಬಸಪ್ಪ” ಎಂದ ಸಿದ್ರಾಮ.

ಬಗ್ಗಿ ಅವನ ಕಿವಿಯಲ್ಲಿ ಹೇಳಿದೆ: “ನಿನ್ನ ಹೇಂತಿ ತಮ್ಮ ಊರ ಮುಂದ ಖರೇ ಹೇಳ್ಯಾನೋ ಮಾರಾಯಾ. ನೀ ಯಾಕ ಹಿಂಗ ಮಾಡಾಕತ್ತಿ?”

ಅವನು ಕನ್ನಡದಲ್ಲೇ, ಸಣ್ಣ ದನಿಯಲ್ಲಿ ಹೇಳಿದ: “ನನ್ನ ಕೈಯಂತೂ ಹೋಗೇತ್ರಿ. ಅವನ ಮಗ್ಗ ಯಾಕ ಹೋಗಬೇಕು?”

“ಬರಕೊಳ್ರಿ ಸಾಹೇಬ್ರ, ಬಸಪ್ಪ ಅಂತ” ಎಂದ ದಿವಾಣಜಿ. ಅವನ ಮುಖಕ್ಕೆ ಗುದ್ದಬೇಕೆನಿಸಿತು. ಇನ್ಸ್‌ಪೆಕ್ಟರು ಪೆನ್ನು ಎತ್ತಿದರು. ಶೆಡ್ಡಿನ ಬಸಪ್ಪನಿಗೆ ಎರಡೂ ಕೈ ಇದ್ದವು, ಆ ಹೆಸರು ಅಲ್ಲಿ ಬಿದ್ದರೆ ಸಿದ್ರಾಮನ ಕೈಗೆ ಜಗತ್ತಿನಲ್ಲಿ ಯಾರೂ ಹೊಣೆಯಲ್ಲ.

ಕಲ್ಲವ್ವ ಎದ್ದಳು. ಕೂಸನ್ನು ಗಂಡನ ಕಾಲ ಬಳಿ ಕೂರಿಸಿದಳು. ತಾಳಿಯನ್ನು ಎರಡೂ ಕೈಯಲ್ಲಿ ಹಿಡಿದು ಕಣ್ಣು ಮುಚ್ಚಿಕೊಂಡಳು.

“ಸಿದ್ರಾಮ” ಎಂದಳು. “ಇವರ ಹೆಸರ ಸಿದ್ರಾಮ ಐತ್ರಿ, ಸಾಹೇಬ್ರ. ಬರಕೊಳ್ರಿ.”

“ಏ ಹುಚ್ಚೀ!” ಎಂದು ಸಿದ್ರಾಮ ಕೂಗಿದ. ಅವಳು ಆಗಲೇ ತಾಳಿಯನ್ನು ಕಣ್ಣಿಗೊತ್ತಿಕೊಂಡು ಕುಸಿದಿದ್ದಳು. ಹೆಂಡತಿಯ ಬಾಯಿಂದ ಗಂಡನ ಹೆಸರು ಬಂದರೆ ಅದರ ಅರ್ಥ ಏನೆಂದು ಆ ಮರಾಠಿ ಸಾಹೇಬರಿಗೂ ಗೊತ್ತಿತ್ತು. ಅವರ ಮನೆಯಲ್ಲೂ ಅದೇ ರೂಢಿ. ಅವರು ದಿವಾಣಜಿಯ ಕಡೆ ನೋಡಲೂ ಇಲ್ಲ, ಬರೆದುಕೊಂಡರು.

ತಾತ್ಯಾನ ಶೆಡ್ಡು ಸಿದ್ರಾಮನ ಹೊಣೆ ಹೊರಬೇಕಾಯಿತು. ಚುನಾವಣೆಗೆ ಮುಂಚೆಯೇ ಆ ಶೆಡ್ಡಿನ ಪಟ್ಟಾಗಳಿಗೆಲ್ಲ ಜಾಳಿಗೆ ಬಿತ್ತು. ಸಂಪಾದಕರು ನನ್ನ ಎರಡನೆಯ ಸುದ್ದಿಯನ್ನು ಮೊದಲ ಪುಟದಲ್ಲಿ ಹಾಕಿದರು. ಬಸಪ್ಪನ ಮಗ್ಗ ಹೋಯಿತು. ಅವನು ನನ್ನ ಖೋಲಿಗೆ ಬಂದು ಬಾಗಿಲಲ್ಲೇ ನಿಂತು ಬೈದ: “ಮಗ್ಗದ ಮಾತ ಕೇಳಿದ್ರ ಸುಳ್ಳ ಹೇಳಿ ಉಳಕೋತಿದ್ದೆ. ಕೂಸಿನ ಮಾತ ಯಾಕ ತಗದ್ರಿ? ನಿಮಗ ಶಾಬಾಸ್ಕಿ, ನನಗ ಉಪಾಸ.” ಒಳಗೆ ಬಾ ಎಂದೆ, ಬರಲಿಲ್ಲ. ಊರಿಗೆ ಹೋಗಿ ಮನೆಯ ಕುರಿ ಕಾಯಲು ನಿಂತನೆಂದು ಆಮೇಲೆ ತಿಳಿಯಿತು. ಅವನ ಬೈಗಳಿಗೆ ಮಾತ್ರ ನಾನು ತಿರುಗಿ ಬೈಯಲಿಲ್ಲ.

ಈಗ ಟೀವಿಯಲ್ಲಿ ಯಾರಾದರೂ ಇಗೋ ಸಾಕ್ಷಿ ಎಂದು ಏನನ್ನಾದರೂ ಎತ್ತಿ ತೋರಿಸಿದರೆ ನನಗೆ ಆ ಎರಡು ಕೈ ನೆನಪಾಗುತ್ತವೆ. ತಾತ್ಯಾ ಎತ್ತಿ ತೋರಿಸಿದ್ದು ಸುಳ್ಳಲ್ಲ. ಅವನು ಬಸಪ್ಪನೇ, ಕೈ ಎರಡೂ ಇದ್ದವು. ಸುಳ್ಳನ್ನು ನಾಲ್ಕು ಕಡೆ ವಿಚಾರಿಸಿ ಹಿಡಿಯಬಹುದು. ನಿಜವನ್ನೇ ಮುಂದೆ ನಿಲ್ಲಿಸಿಕೊಂಡು ಬಂದ ಸುಳ್ಳನ್ನು ಹಿಡಿಯಬೇಕಾದರೆ ಕೂಗಾಡಿ ಪ್ರಯೋಜನವಿಲ್ಲ, ಕಲಿಸದ ಪ್ರಶ್ನೆ ಕೇಳಬೇಕು. ಕೇಳಿದ ಮೇಲೆ ಉತ್ತರ ಕೊಟ್ಟವನಿಗೆ ಏನಾಯಿತೆಂದು ತಿರುಗಿ ನೋಡಬೇಕು. ಎರಡನೆಯ ಬಾಯಿ ಸುಮ್ಮನಿದ್ದರೆ ಅದನ್ನು ಹೂಂ ಎಂದು ಬರೆದುಕೊಳ್ಳಬಾರದು. ನನಗೆ ಈ ಕಸುಬು ಕಲಿಸಿದ್ದು ಇಷ್ಟು.

ಕೆಲವು ವರ್ಷಗಳ ಮೇಲೆ ಗಡಹಿಂಗ್ಲಜದ ಸಂತೆಯಲ್ಲಿ ಸಿದ್ರಾಮ ಸಿಕ್ಕ. ಗಟ್ಟಿಮುಟ್ಟಾಗಿದ್ದ, ಎಡಗೈಯಿಂದಲೇ ನಮಸ್ಕಾರ ಮಾಡಿದ. ಕಲ್ಲವ್ವ ಹೇಗಿದ್ದಾಳೆ ಎಂದು ಕೇಳಿದೆ.

“ಆರಾಮ ಅದಾಳ್ರಿ” ಎಂದ. “ಅವತ್ತ ನನ್ನ ಹೆಸರ ತಗದ್ಲಲ್ರಿ, ನನ್ನ ಆಯುಷ್ಯ ಉಳೀಲಿ ಅಂತ ಅವತ್ತಿನಿಂದ ಸೋಮವಾರಕ್ಕೊಮ್ಮೆ ಉಪಾಸ ಇರ್ತಾಳ. ಬ್ಯಾಡಂದ್ರೂ ಕೇಳೂದಿಲ್ಲ.”

ಅಂದು ಸೋಮವಾರವೇ ಇತ್ತು. ನನ್ನ ಸುದ್ದಿಯ ತಿದ್ದುಪಡಿಗೆ ಅವಳು ಇನ್ನೂ ಉಪವಾಸವಿದ್ದಳು.