ಬ್ಯಾಟರಿ ಸತ್ತಿದೆ ಎಂದ ಜೈಲೊಸಿ

ಸರೋವರದ ದಡದ ಕಪಿರಿಂಡೆ ಊರಿನ ಪೇಟೆಬೀದಿಯಲ್ಲಿ, ಮೆಕ್ಕೆಜೋಳದ ಗಿರಣಿಗೆ ಒತ್ತಿಕೊಂಡ ತಗಡಿನ ಗೂಡಂಗಡಿಯಲ್ಲಿ ಜೈಲೊಸಿ ಹಾಡು ತುಂಬಿಕೊಡುತ್ತಿದ್ದ. ಫೋನಿನ ಮೆಮೊರಿ ಕಾರ್ಡು ತಂದುಕೊಟ್ಟರೆ ತನ್ನ ಲ್ಯಾಪ್‌ಟಾಪಿನಿಂದ ಹಾಡೋ ಸಿನಿಮಾವೋ ಪಾದ್ರಿಗಳ ಪ್ರವಚನವೋ ಬೇಕಾದ್ದನ್ನು ತುಂಬಿಕೊಡುವುದು ಅವನ ಕಸುಬು. ಒಂದು ಕಾಲಕ್ಕೆ ಬೆಸ್ತರು ಸರೋವರಕ್ಕೆ ದೋಣಿ ಇಳಿಸುವ ಮುಂಚೆ ಅವನ ಬಾಗಿಲಿಗೆ ಬಂದೇ ಹೋಗುತ್ತಿದ್ದರು. ಈಗ ಹಾಡು ಎಲ್ಲರ ಫೋನಿಗೂ ಆಕಾಶದಿಂದಲೇ ಇಳಿಯುತ್ತದೆ, ಜೈಲೊಸಿಯನ್ನು ಯಾರು ಕೇಳುತ್ತಾರೆ? ದಿನಕ್ಕೆ ಒಂದಿಬ್ಬರು ಬಂದರೆ ಬಂದರು. ಅವರೂ ಹೆಚ್ಚಾಗಿ ಫೋನು ಚಾರ್ಜಿಗೆ ಇಡಲು ಬಂದವರು, ಇಟ್ಟು ಮಾತಾಡದೆ ಹೋಗುವವರು.

ಹೆಂಡತಿ ಎನೆಲೆಸಿ ತೀರಿಕೊಂಡ ಮೇಲೆ ಅವನ ಮನೆಯಲ್ಲಿ ಮಾತು ಎಂಬುದೇ ಇರಲಿಲ್ಲ. ಮಕ್ಕಳಿಲ್ಲ. ಒಬ್ಬನಿಗೇ ಮೆಕ್ಕೆಜೋಳದ ಹಿಟ್ಟಿನ ನ್ಸಿಮಾ ತೊಳಸಿಕೊಂಡು, ಆ ಮುದ್ದೆಯನ್ನು ಒಣಮೀನಿನ ಸಾರಿಗೆ ಅದ್ದಿಕೊಂಡು, ಗೋಡೆಗೆ ಮುಖ ಮಾಡಿ ಉಣ್ಣುತ್ತಿದ್ದ. ಒಂಟಿ ಊಟ ಮೈಗೆ ಹತ್ತುವುದಿಲ್ಲ ಎಂದು ತಿಳಿದವರು ಹೇಳುತ್ತಾರೆ. ಅವನನ್ನು ನೋಡಿದರೆ ನಿಜ ಅನ್ನಿಸುತ್ತಿತ್ತು.

ಎನೆಲೆಸಿ ಚರ್ಚಿನ ಮಹಿಳಾ ಸಂಘದ ಹಾಡುಗಾರ್ತಿ. ಮೊದಲ ಸಾಲು ಎತ್ತುವವಳು ಅವಳು, ಅದಕ್ಕೆ ಉತ್ತರ ಕೊಡುವವಳು ಮಲಿತಾ, ಆಮೇಲೆ ಉಳಿದವರೆಲ್ಲ ಬಂದು ಕೂಡಿಕೊಳ್ಳುವುದು. ಒಂದು ಈಸ್ಟರಿನಲ್ಲಿ ಜೈಲೊಸಿ ಮೈಕು ಹಿಡಿದು ಅವರ ಹಾಡನ್ನು ಲ್ಯಾಪ್‌ಟಾಪಿಗೆ ಇಳಿಸಿಕೊಂಡಿದ್ದ. ಅವಳ ಫೋಟೋ ಎರಡು ಇದ್ದವು. ದನಿ ಇದ್ದದ್ದು ಆ ಒಂದು ಹಾಡಿನಲ್ಲಿ ಮಾತ್ರ.

ಲ್ಯಾಪ್‌ಟಾಪಿನ ಹೊಟ್ಟೆ ಚಿಕ್ಕದು, ಎಂದೋ ತುಂಬಿಹೋಗಿತ್ತು. ಹಾಗಾಗಿ ಅವನು ಹಳೆಯ ಮೇಜಿನ ಕಂಪ್ಯೂಟರೊಂದರ ಹಾರ್ಡ್ ಡಿಸ್ಕ್ ಬಿಚ್ಚಿ, ಐಸ್‌ಕ್ರೀಮಿನ ಡಬ್ಬಿಯಲ್ಲಿಟ್ಟು, ವೈರು ಎಳೆದು ಪಕ್ಕದಲ್ಲಿ ಇಟ್ಟುಕೊಂಡಿದ್ದ. ಊರಿನ ಮದುವೆಗಳು, ನಾಮಕರಣಗಳು, ಈ ಹಾಡು, ಎಲ್ಲ ಆ ಡಬ್ಬಿಯಲ್ಲೇ. ಆದರೆ ಆ ಡಿಸ್ಕಿಗೆ ಲ್ಯಾಪ್‌ಟಾಪಿನ ತೂತಿನಿಂದ ಬರುವ ವಿದ್ಯುತ್ತು ಅರೆಹೊಟ್ಟೆಗೂ ಸಾಲದು. ಅದಕ್ಕೆ ಬೇರೆಯೇ ಬಡಿಸಬೇಕು. ಊರಿನ ಕರೆಂಟು ನೆಚ್ಚುವಂಥದ್ದಲ್ಲ, ಹಾಗಾಗಿ ಸೂರಿನ ಮೇಲೆ ಒಂದು ಸೋಲಾರ್ ಹಲಗೆ, ಕೆಳಗೆ ಒಂದು ದೊಡ್ಡ ಬ್ಯಾಟರಿ. ಹಾಸಿಗೆ ಇದ್ದಷ್ಟು ಕಾಲು ಚಾಚಬೇಕು ಎಂಬ ಮಾತನ್ನು ಅವನಷ್ಟು ನಿಷ್ಠೆಯಿಂದ ಪಾಲಿಸಿದವರಿಲ್ಲ. ಡಿಸ್ಕ್ ತಿರುಗುವಾಗ ಬಲ್ಬು ಆರಿಸುವನು, ಬಲ್ಬು ಬೇಕಾದಾಗ ಸ್ಪೀಕರು ಆರಿಸುವನು, ಪರದೆಯನ್ನು ಕಣ್ಣಿಗೆ ಕಂಡೂ ಕಾಣದಷ್ಟು ಮಂಕು ಮಾಡುವನು.

ಆ ವರ್ಷ ಡಿಸ್ಕ್ ಟಿಕ್ ಟಿಕ್ ಎನ್ನಲು ಶುರುಮಾಡಿತು. ಅದು ಸಾಯುವ ಡಿಸ್ಕಿನ ಬಿಕ್ಕಳಿಕೆ ಎಂದು ಅವನಿಗೆ ಗೊತ್ತು. ಒಂದು ದಿನ ಎಷ್ಟು ಮಾಡಿದರೂ ತಿರುಗಲಿಲ್ಲ. ಬಿಸಿಲಿಗಿಟ್ಟು, ತಟ್ಟಿ, ದೇವರನ್ನು ನೆನೆದ ಮೇಲೆ ತಿರುಗಿತು. ಇನ್ನೊಮ್ಮೆ ನಿಂತರೆ ಏಳುವುದಿಲ್ಲ. ರಾಜಧಾನಿ ಲಿಲೊಂಗ್ವೆಗೆ ಹೋಗುವವನೊಬ್ಬನ ಕೈಯಲ್ಲಿ ಹೊಸ ಡಿಸ್ಕ್ ತರಿಸಿದ. ತಿರುಗುವ ಚಕ್ರವಿಲ್ಲದ್ದು, ಬಿಸ್ಕತ್ತಿನಷ್ಟು ತೆಳ್ಳಗಿನದು, ವಿದ್ಯುತ್ತೂ ಗುಬ್ಬಿಯ ಹಾಗೆ ಕುಡಿಯುವಂಥದ್ದು. ಸಿ.ಡಿ. ಹಾಕುವ ಗೂಡನ್ನು ಕಿತ್ತು ಅಲ್ಲಿ ಅದನ್ನು ಕೂರಿಸಿದ. ಇನ್ನು ಉಳಿದದ್ದು ಹಳೆಯದನ್ನು ನಿಲ್ಲಲು ಬಿಡದೆ ಎಲ್ಲವನ್ನೂ ಸಾಗಿಸುವುದು.

ಅದೇ ವಾರ ಊರಿನ ಟ್ರಾನ್ಸ್‌ಫಾರ್ಮರ್ ಸುಟ್ಟುಹೋಯಿತು. ಇಡೀ ಕಪಿರಿಂಡೆಗೆ ಕರೆಂಟಿಲ್ಲ. ಜೈಲೊಸಿ ಚಾರ್ಜಿಗೆ ಬಂದವರನ್ನೆಲ್ಲ ವಾಪಸು ಕಳಿಸಿ, ಬ್ಯಾಟರಿಯ ಪ್ರತಿ ಗುಟುಕನ್ನೂ ಡಿಸ್ಕಿಗೇ ಮೀಸಲಿಟ್ಟ. ಹಾಡುಗಳು ತೆವಳಿಕೊಂಡು ಹೊಸ ಡಿಸ್ಕಿಗೆ ಸಾಗತೊಡಗಿದವು. ಮಾಡಿದ ತಪ್ಪು ಒಂದೇ. ಊರವರ ಮದುವೆಗಳನ್ನು ಮೊದಲು ಹಾಕಿ, ತನ್ನ ಹಾಡನ್ನು ಕೊನೆಗಿಟ್ಟ. ನಾಳೆ ಯಾರಾದರೂ ನನ್ನ ಮದುವೆ ಎಲ್ಲಿ ಎಂದು ಕೇಳಿದರೆ? ಯಾರೂ ಕೇಳುತ್ತಿರಲಿಲ್ಲ, ಅದು ಬೇರೆ ಮಾತು.

ಸಂಜೆ ಹೊತ್ತು ಇಳಿಯುವಾಗ ಆ ಹಾಡಿನ ಸರದಿ ಬಂತು. ಡಿಸ್ಕಿನ ಹಾಳಾದ ಜಾಗವೆಲ್ಲ ಅಲ್ಲೇ ಇತ್ತು ಎಂದು ಕಾಣುತ್ತದೆ, ಎಷ್ಟು ಸಾಗಿತೆಂದು ತೋರಿಸುವ ಪರದೆಯ ಗೆರೆ ಅರ್ಧಕ್ಕೆ ಬಂದು ಅಲ್ಲಾಡದೆ ನಿಂತಿತು. ಅಷ್ಟರಲ್ಲಿ ಬಾಗಿಲ ಬಳಿ ಊರ ಮುಖಂಡರ ಆಳು ಬಿಸ್ವಿಕ್ ಕೆಮ್ಮಿದ. ಟೋಪಿ ಕೈಯಲ್ಲಿತ್ತು.

"ಜೈಲೊಸಣ್ಣ, ಮಲಿತಕ್ಕ ಹೋಗ್ಬಿಟ್ಲು. ಮಧ್ಯಾಹ್ನ ಗದ್ದೆಯಿಂದ ಬಂದು ಎದೆ ಹಿಡ್ಕೊಂಡು ಕೂತೋಳು ಮತ್ತೆ ಏಳ್ಲಿಲ್ಲ."

ಜೈಲೊಸಿ ಎದ್ದು ನಿಂತು ಡಬ್ಬಿಗೆ ಬೆನ್ನು ಅಡ್ಡಹಾಕಿದ.

"ದೂರದಿಂದ ನೆಂಟ್ರು ಬರ್ತಾರೆ. ಮನೇಲಿ ಬೆಳಕಿಲ್ಲ, ಯಾರ ಫೋನಲ್ಲೂ ಚಾರ್ಜಿಲ್ಲ. ಲಾರಿ ಬ್ಯಾಟರಿ ತರೋಣ ಅಂದ್ರೆ ಗಿರಣಿಯೋರ ಲಾರಿನೂ ಊರಲ್ಲಿಲ್ಲ. ಮುಖಂಡರು ನಿಮ್ಮ ಬ್ಯಾಟರಿ ತಗೊಂಬಾ ಅಂದ್ರು."

ಆ ಸೀಮೆಯಲ್ಲಿ ಸಾವಿನ ಮನೆಯವರು ಕೇಳಿದ್ದಕ್ಕೆ ಇಲ್ಲ ಎನ್ನುವ ಪದ್ಧತಿ ಇಲ್ಲ. ಕೊಡ, ಚಾಪೆ, ಸೌದೆ, ಮನುಷ್ಯ, ಏನು ಕೇಳಿದರೂ ಹೊರಡಬೇಕು. ಇನ್ನೊಬ್ಬರ ಸಾವಿಗೆ ಆಗದವನ ಹೆಣವನ್ನು ಅವನೇ ಹೊರಬೇಕಾಗುತ್ತದೆ ಎಂದು ಅಲ್ಲಿಯ ಅಜ್ಜಿಯರು ಹೆದರಿಸುತ್ತಾರೆ. ಜೈಲೊಸಿಗೂ ಅದು ಗೊತ್ತು. ಎನೆಲೆಸಿ ಸತ್ತಾಗ ಇದೇ ಬಿಸ್ವಿಕ್ ಗುಂಡಿ ತೋಡಿದ್ದ.

"ಬ್ಯಾಟರಿ ಸತ್ತಿದೆ, ತಮ್ಮಾ," ಅಂದ ಜೈಲೊಸಿ. "ನಿನ್ನೆಯಿಂದ ಚಾರ್ಜು ಹಿಡೀತಿಲ್ಲ."

ಹಿಂದೆ ಡಬ್ಬಿ ಟಿಕ್ ಟಿಕ್ ಎನ್ನುತ್ತಲೇ ಇತ್ತು. ಬಿಸ್ವಿಕ್ ಬಗ್ಗಿ ನೋಡಬಹುದಿತ್ತು. ನೋಡಲಿಲ್ಲ. ಸಾವಿನ ಮನೆಗೆ ಸುಳ್ಳು ಹೇಳುವ ಮನುಷ್ಯ ಇರಬಹುದೆಂಬ ಯೋಚನೆಯೇ ಆ ಊರಿನಲ್ಲಿ ಯಾರ ತಲೆಗೂ ಬಂದಿರಲಿಲ್ಲ.

"ಅಯ್ಯೋ ಪಾಪ, ಒಂದ್ರ ಮೇಲೊಂದು," ಅಂದ ಅವನು. "ಇರ್ಲಿ ಬಿಡಿ, ಒಂದೆರಡು ಮೋಂಬತ್ತಿ ಹುಡುಕ್ತೀವಿ. ನೀವು ಬೇಗ ಬಂದ್ಬಿಡಿ."

ಅವನು ಹೋದ ಮೇಲೆ ಗೆರೆ ಕೊನೆ ಮುಟ್ಟಿತು. ಹಳೆಯ ಡಿಸ್ಕ್ ಒಮ್ಮೆ ಕಿರ್ರೆಂದು ನಿಂತೇಹೋಯಿತು. ಈಗ ಬ್ಯಾಟರಿ ಕೊಟ್ಟರೆ ಸುಳ್ಳು ಬಯಲಾಗುತ್ತದೆಂದು ಜೈಲೊಸಿ ಅದರ ಮೇಲೆ ಗೋಣಿಚೀಲ ಎಳೆದು ಸಾವಿನ ಮನೆಗೆ ನಡೆದ. ಗಂಡಸರು ಹೊರಗೆ ಬೆಂಕಿಯ ಸುತ್ತ ಕೂತಿದ್ದರು, ಸರಿದು ಅವನಿಗೆ ಜಾಗ ಕೊಟ್ಟರು. "ಬ್ಯಾಟರಿ ಹೋಯ್ತಂತೆ? ದುಡಿಯೋ ಕೈನೇ ಮುರಿದ ಹಾಗಾಯ್ತಲ್ಲಪ್ಪ," ಎಂದು ಮರುಗಿದರು. ಒಳಗೆ ಹೆಂಗಸರು ಕತ್ತಲಲ್ಲೇ ಹಾಡುತ್ತಿದ್ದರು. ಮರುದಿನ ಮಣ್ಣಿಗೆ ಅವನೂ ಕೈಹಾಕಿದ. ಸುಳ್ಳು ಹೇಳಿದವನಿಗೆ ಇಷ್ಟು ಮರುಕ ಸಿಕ್ಕಿದ್ದು ನ್ಯಾಯವಲ್ಲ, ಆದರೆ ಸಿಕ್ಕಿತು. ಅದು ಅವನಿಗೆ ಮುಳ್ಳಿನ ಹಾಗೆ ಚುಚ್ಚಿತು.

ಇನ್ನು ಹಾಡನ್ನು ಗಟ್ಟಿಯಾಗಿ ಹಾಕುವಂತಿಲ್ಲ. ಸತ್ತ ಬ್ಯಾಟರಿಯ ಅಂಗಡಿಯಿಂದ ಹಾಡು ಬಂದೀತೇ? ಬಾಗಿಲು ಮುಚ್ಚಿಕೊಂಡು, ತಗಡಿನ ಕಾವಿನಲ್ಲಿ ಬೆವರುತ್ತ, ಇಯರ್‌ಫೋನ್ ಕಿವಿಗೆ ತುರುಕಿಕೊಂಡು ಕೇಳಿದ. ಎನೆಲೆಸಿ ಸಾಲು ಎತ್ತಿದಳು. ಮಲಿತಾ ಉತ್ತರ ಕೊಟ್ಟಳು. ಅವಳು ಉತ್ತರ ಕೊಡುವಲ್ಲೆಲ್ಲ ಜೈಲೊಸಿ ತಲೆ ತಗ್ಗಿಸುತ್ತಿದ್ದ.

ಕರೆಂಟು ಇನ್ನೂ ಬಂದಿರಲಿಲ್ಲ. ಮಲಿತಾಳ ಮಗಳು ಜಿಯೋನೆ ಬಂದು ಬಾಗಿಲು ತಟ್ಟಿದಳು. ಮಾರನೆಯ ಬೆಳಿಗ್ಗೆ ಗಂಡನ ಊರಿಗೆ ಹೊರಡುವವಳು.

"ಮಾವ, ನಿಮ್ಮ ಬ್ಯಾಟರಿ ಸತ್ತಿರೋದು ಗೊತ್ತು. ಗೊತ್ತಿದ್ದೂ ಕೇಳ್ತಿದೀನಿ. ಅಮ್ಮನ ಹಾಡು ನಿಮ್ಮ ಹತ್ರ ಇದೆ ಅಂತ ಅವಳೇ ಹೇಳ್ತಿದ್ಲು. ನಂಗೆ ಅವಳ ದನಿ ಮರೆತುಹೋಗುತ್ತೆ ಅಂತ ಭಯ."

ಕರೆಂಟು ಬಂದ ಮೇಲೆ ಬಾ ಎನ್ನಬಹುದಿತ್ತು. ಅವಳು ಹೋಗುತ್ತಿದ್ದಳು, ಸುಳ್ಳು ಉಳಿಯುತ್ತಿತ್ತು. ಆದರೆ ದನಿ ಮರೆಯುವ ಭಯ ಏನೆಂದು ಆ ಊರಿನಲ್ಲಿ ಅವನಷ್ಟು ತಿಳಿದವರು ಯಾರು? ಜೈಲೊಸಿ ಬಗ್ಗಿ ಗೋಣಿಚೀಲ ಎಳೆದ. ಬ್ಯಾಟರಿಯ ಹಸಿರು ದೀಪ ಉರಿಯುತ್ತಿತ್ತು.

ಜಿಯೋನೆ ದೀಪವನ್ನು ನೋಡಿದಳು.

"ಅವತ್ತೂ ಹೀಗೇ ಉರೀತಿತ್ತಾ?"

"ಉರೀತಿತ್ತು ಕಣಮ್ಮ. ಹಳೇ ಡಿಸ್ಕ್ ನಿಂತಿದ್ರೆ ಎನೆಲೆಸಿ ದನಿ ಹೋಗ್ಬಿಡ್ತಿತ್ತು. ಅದಕ್ಕೆ..."

ಅವಳು ಕಾರ್ಡು ಚಾಚಿದಳು. ಅವನು ತುಂಬುವ ಮೊದಲು ಒಮ್ಮೆ ಹಾಡನ್ನು ಹಾಕಿದ. ಅವಳು ಕೂರದೆ, ಅಳದೆ ಕೊನೆಯವರೆಗೂ ಕೇಳಿದಳು.

"ದೊಡ್ಡಮ್ಮ ಆಚೆ ದಡದಿಂದ ದೋಣಿಲಿ ಬಂದ್ಲು, ಮಾವ. ಅಷ್ಟೊತ್ತಿಗೆ ಮೋಂಬತ್ತಿ ಮುಗಿದಿತ್ತು. ಬೆಳಕು ಹರಿಯೋ ಮುಂಚೆನೇ ಪೆಟ್ಟಿಗೆ ಮುಚ್ತಾರೆ, ಅಷ್ಟರಲ್ಲಿ ತಂಗಿ ಮುಖ ನೋಡ್ಬೇಕು ಅಂತ ಬೆಂಕಿಕಡ್ಡಿ ಗೀರಿ ಗೀರಿ ನೋಡಿದ್ಲು."

ಜೈಲೊಸಿ ಹಾಡು ತುಂಬಿ ಕಾರ್ಡು ಕೊಟ್ಟ. ಅವಳು ಕಾರ್ಡನ್ನು ಸೊಂಟಕ್ಕೆ ಸುತ್ತಿದ ಬಟ್ಟೆಯ ತುದಿಗೆ ಗಂಟು ಹಾಕಿಕೊಂಡು, ಹೋಗಿ ಬರುತ್ತೇನೆ ಎನ್ನದೆ ಹೋದಳು.

ಹಸಿರು ದೀಪದ ಮಾತು ಊರಿಗೆಲ್ಲ ತಿಳಿಯಿತು, ಆದರೂ ಯಾರೂ ಜಗಳಕ್ಕೆ ಬರಲಿಲ್ಲ. ಬಂದಿದ್ದರೆ ವಾಸಿಯಾಗಿತ್ತು. ಕರೆಂಟು ಬಂತು. ಹಾಡು ಜಿಯೋನೆಯ ಫೋನಿನಿಂದ ಅವಳ ಅಣ್ಣನ ಫೋನಿಗೆ, ಅಲ್ಲಿಂದ ಸಂಘದ ಹೆಂಗಸರಿಗೆ, ಅವರಿಂದ ಮನೆಮನೆಗೆ ಹೋಯಿತು. ಅದಕ್ಕೆ ಜೈಲೊಸಿಯ ಅಗತ್ಯ ಬೀಳಲಿಲ್ಲ. ಚಾರ್ಜಿಗೆ ಬರುತ್ತಿದ್ದವರೂ ನಿಂತರು. ಬಿಸ್ವಿಕ್ ಈಗ ಗಿರಣಿಯ ಹಿಂದಿನಿಂದ ಸುತ್ತಿಕೊಂಡು ಹೋಗುತ್ತಿದ್ದ.

ಒಂದು ಬೆಳಿಗ್ಗೆ ಜೈಲೊಸಿ ಅಂಗಡಿಯ ಮುಂದಿನ ಬೆಂಚಿನ ಮೇಲೆ ಕೂತಿದ್ದ. ಸಂಘದ ಹೆಂಗಸೊಬ್ಬಳು ಪಾತ್ರೆಯ ಬುಟ್ಟಿ ತಲೆಯ ಮೇಲಿಟ್ಟುಕೊಂಡು ಸರೋವರದ ಕಡೆ ಬರುತ್ತಿದ್ದಳು, ಸೊಂಟಕ್ಕೆ ಸಿಕ್ಕಿಸಿದ ಫೋನು ಹಾಡುತ್ತಿತ್ತು. ಎನೆಲೆಸಿಯ ದನಿ ದೂರದಿಂದ ಬಂದು, ಹತ್ತಿರವಾಗಿ, ಅವನ ಮುಂದೆಯೇ ಸಾಲು ಎತ್ತಿತು. ಆ ಸೀಮೆಯಲ್ಲಿ ಎದುರಿಗೆ ಸಿಕ್ಕವರು ಕಳ್ಳರೇ ಆಗಲಿ, ಹೇಗಿದ್ದೀರಿ ಎನ್ನದೆ ದಾಟುವುದಿಲ್ಲ. ಜೈಲೊಸಿ ಎದ್ದು ನಿಂತು, "ಹೇಗಿದೀಯಮ್ಮ?" ಅಂದ. ಅವಳು ದಾರಿಯ ಕಡೆಗೇ ಕಣ್ಣಿಟ್ಟು ನಡೆದುಹೋದಳು. ದನಿಯೂ ಅವಳ ಜೊತೆಗೇ ನೀರಿನ ಕಡೆ ಇಳಿದು ಹೋಯಿತು.