ಯಾವ ನೀರು, ಎಷ್ಟು ಪುಡಿ

ಹುಸೇನಮ್ಮನಿಗೆ ಬಟ್ಟೆ ಒಗೆಯುವುದೆಂದರೆ ಪ್ರಾಣ. ನೆಲ ಒರೆಸುವಾಗ ಸೊಂಟ ನೋವೆನ್ನುತ್ತಾಳೆ, ಪಾತ್ರೆ ತಿಕ್ಕುವಾಗ ಗೊಣಗುತ್ತಾಳೆ, ಬಟ್ಟೆಯ ಬಕೆಟ್ಟಿನ ಮುಂದೆ ಕೂತಳೆಂದರೆ ಮಾತ್ರ ಹಾಡು ಶುರು. ಲಿಂಗಸುಗೂರು ಕಡೆಯವಳು. ಮೊಹರಮ್ಮಿನಲ್ಲಿ ಅಲಾಯಿ ದೇವರಿಗೆ ಹರಕೆ ಹೊತ್ತು ಹುಟ್ಟಿದ ಮಗಳೆಂದು ಅವ್ವ ಇಟ್ಟ ಹೆಸರು ಅದು. ಬೆಂಗಳೂರಿನ ಜನ ಹೆಸರು ಕೇಳಿ, ಆಮೇಲೆ ಹಣೆಯ ಕುಂಕುಮ ನೋಡಿ ತಬ್ಬಿಬ್ಬಾದರೆ ಅವಳಿಗೆ ಒಳಗೊಳಗೇ ನಗು.

ಕಗ್ಗದಾಸಪುರದಲ್ಲಿ ಬಾಡಿಗೆ ರೂಮು, ಗಂಡ ಮಾನಪ್ಪ ಗೋಡೆಗೆ ಬಣ್ಣ ಹೊಡೆಯುವವನು. ಬೆಳಗ್ಗೆ ಏಳಕ್ಕೆ ರೈಲ್ವೆ ಗೇಟು ದಾಟಿ, ಜೀವನಭೀಮಾನಗರದ ಸೀತಾಲಕ್ಷ್ಮಿಯವರ ಮನೆಗೆ ಬರುವುದು ಹನ್ನೆರಡು ವರ್ಷದ ರೂಢಿ. ಸೀತಾಲಕ್ಷ್ಮಿ ವಿಮಾ ಕಚೇರಿಯಿಂದ ನಿವೃತ್ತರು. ಯಜಮಾನರ ಹೆಸರು ನಾರಾಯಣ, ಊರಿಗೆಲ್ಲ ನಾಣಿ. ಸರ್ಕಾರಿ ಕಾರ್ಖಾನೆಯ ಇನ್‌ಸ್ಪೆಕ್ಷನ್ ವಿಭಾಗದಲ್ಲಿ ಮೂವತ್ನಾಲ್ಕು ವರ್ಷ ಬೇರೆಯವರ ಕೆಲಸದಲ್ಲಿ ತಪ್ಪು ಹುಡುಕಿದವರು. ರಿಟೈರಾದ ಮೇಲೆ ತಪ್ಪು ಹುಡುಕಲು ಅವರಿಗೆ ಮನೆಯೊಂದೇ ಉಳಿದಿತ್ತು.

ಆ ಮನೆಗೆ ಮುಂದೆ ಗಾಜಿನ ಬಾಗಿಲಿರುವ ವಾಷಿಂಗ್ ಮಿಷಿನ್ ಬಂದ ದಿನ ಹುಸೇನಮ್ಮ ಹಿಂಡುತ್ತಿದ್ದ ಬಟ್ಟೆ ಬಿಟ್ಟು ಎದ್ದು ನಿಂತಳು. ಅವಳು ಕೆಲಸ ಮಾಡುವ ಇನ್ನೆರಡು ಮನೆಗಳಿಗೂ ಹೀಗೇ ಮಿಷಿನ್ ಬಂದು, ಅವಳ ಕೈಗೆ ಪೊರಕೆಯಷ್ಟೇ ಉಳಿದಿತ್ತು. ಬಟ್ಟೆ ಕೆಲಸ ಇದ್ದ ಮನೆ ಇದೊಂದೇ. ಅದೂ ಹೋದರೆ?

ಸೀತಾಲಕ್ಷ್ಮಿ ಅವಳ ಮುಖ ನೋಡಿಯೇ ಹೇಳಿದರು: "ಸಂಬಳ ಏನೂ ಕಡಿಮೆಯಾಗಲ್ಲ ಕಣಮ್ಮ. ಇದನ್ನ ನಡೆಸೋಳೂ ನೀನೇ."

ಹುಸೇನಮ್ಮ ಕುಣಿಯುವುದೊಂದು ಬಾಕಿ.

ಮೊದಲ ದಿನ ಬಟ್ಟೆ ತುಂಬಿ, ಬಕೆಟ್ಟಿಗೆ ಹಾಕುತ್ತಿದ್ದ ಅದೇ ಪುಡಿಯನ್ನು ಎರಡು ಹಿಡಿ ಹಾಕಿ, ಗಾಜಿನ ಮುಂದೆ ಕುಕ್ಕರಗಾಲಲ್ಲಿ ಕೂತಳು. ಬಟ್ಟೆ ಉರುಳಿತು. ನೀರು ನೋಡಿದರೆ ತಳದಲ್ಲಿ ಒಂದು ಚೆಂಬಿನಷ್ಟು! ನೊರೆಯೂ ಕಾಣಲಿಲ್ಲ. ನೊರೆ ಬಾರದೆ ಕೊಳೆ ಹೋಗುತ್ತದೆಂದು ಅವಳಿಗೆ ಹೇಳಿಕೊಟ್ಟವರಾದರೂ ಯಾರು? ಊರಿನ ಸವುಳು ನೀರಿನಲ್ಲಿ ನೊರೆ ಬರಿಸುವುದೇ ಹೆಣ್ಣುಮಕ್ಕಳ ಹೆಚ್ಚುಗಾರಿಕೆ.

"ಪಾಪ, ಅರೆಹೊಟ್ಟಿಲೆ ದುಡಿಯಾಕತ್ತೇತಿ," ಎಂದು ಮರುಕಪಟ್ಟು ಮೇಲಿನ ಖಾನೆ ಎಳೆದು ಇನ್ನೊಂದು ಹಿಡಿ ಪುಡಿ ಸುರಿದಳು, ಒಂದು ಮಗ್ ನೀರನ್ನೂ ಹೊಯ್ದಳು.

ಹತ್ತು ನಿಮಿಷದಲ್ಲಿ ಖಾನೆಯಿಂದ ನೊರೆ ಉಕ್ಕಿತು. ನೆಲಕ್ಕಿಳಿಯಿತು, ಹೊಸ್ತಿಲು ದಾಟಿತು, ಪೇಪರ್ ಓದುತ್ತಿದ್ದ ನಾಣಿಯವರ ಚಪ್ಪಲಿಯನ್ನು ಮುಚ್ಚಿತು. ಮಿಷಿನ್ ಕೀಂ ಕೀಂ ಎಂದು ಕೂಗಿ ನಿಂತೇಬಿಟ್ಟಿತು. ಬಾಗಿಲು ಭದ್ರ. ಗಾಜಿನಾಚೆ ನಾಣಿಯವರ ಜರತಾರಿ ಪಂಚೆ ನೊರೆಯಲ್ಲಿ ಮುಳುಗಿ ಕೂತಿತ್ತು.

"ಇನ್ಮೇಲೆ ಯಾರೂ ಇದನ್ನ ಮುಟ್ಟಕೂಡದು. ನಾನೇ ನಡೆಸ್ತೀನಿ!" ಎಂದು ನಾಣಿ ಗುಡುಗಿದರು.

ಹುಸೇನಮ್ಮ ಪೊರಕೆ, ಬಕೆಟ್ಟು ತಂದಳು. ನೊರೆ ಬಳಿದು ಬಳಿದು ಹಾಕಿದಳು. ಮನೆಗೆ ಹೋಗುವಾಗ ರೈಲು ಹೋಗಿ ಗೇಟು ತೆಗೆದ ಮೇಲೂ ಅಲ್ಲೇ ನಿಂತಿದ್ದಳು. ತಪ್ಪು ತನ್ನದೇ ಎಂದು ಗೊತ್ತಿದ್ದರಿಂದ ಸಂಕಟ ಇನ್ನೂ ಹೆಚ್ಚಾಗಿತ್ತು.

ನಾಣಿ ಮಾತ್ರ ಹುರುಪಿನಲ್ಲಿದ್ದರು. ಅಂಗಡಿಗೆ ಹೋಗಿ ಅರ್ಧ ಗಂಟೆ ಪೊಟ್ಟಣಗಳ ಹಿಂದಿನ ಸಣ್ಣ ಅಕ್ಷರ ಓದಿದರು. ಮೇಲಿಂದ ಬಟ್ಟೆ ಹಾಕುವ ಮಿಷಿನ್ನಿಗೆ ಒಂದು ಪುಡಿ, ಮುಂದಿನಿಂದ ಹಾಕುವುದಕ್ಕೆ ನೊರೆ ಕಡಿಮೆ ಇರುವ ಬೇರೆಯದೇ ಪುಡಿ. ಸರಿಯಾದದ್ದನ್ನೇ ತಂದರು. ದಿನಾ ತಪ್ಪದೆ ಅಳತೆ ಚಮಚದಲ್ಲಿ ಒಂದೇ ಒಂದು, ಅಂಚಿಗೆ ಸರಿಸಮವಾಗಿ, ಹಾಕಿದರು. ಎರಡು ವಾರದಲ್ಲಿ ಟವೆಲ್ಲು ಹಪ್ಪಳದ ಹಾಗಾಯಿತು. ಬಿಳಿ ಬನಿಯನ್ ಬೂದಿ ಬಣ್ಣಕ್ಕೆ ತಿರುಗಿತು. ನಾಣಿ ಕುತ್ತಿಗೆ ಕೆರೆದುಕೊಳ್ಳುತ್ತ ಓಡಾಡಿದರು. ತಂತಿಯ ಮೇಲಿನ ಬಟ್ಟೆ ಮಡಿಸುವಾಗ ಹುಸೇನಮ್ಮನಿಗೆ ಒಂದು ಕಣ್ಣಲ್ಲಿ ನಗು, ಇನ್ನೊಂದರಲ್ಲಿ ನೀರು. ಅಷ್ಟು ಚಂದದ ಬಿಳಿ ಹೀಗೆ ಹಾಳಾಗುವುದನ್ನು ಅವಳಿಂದ ನೋಡಲಾಗಲಿಲ್ಲ.

ಕೊನೆಗೆ ನಾಣಿ ಮಿಷಿನ್ನೇ ಸರಿಯಿಲ್ಲವೆಂದು ತೀರ್ಪು ಕೊಟ್ಟು ರಿಪೇರಿಯವನನ್ನು ಕರೆಸಿದರು. ಶಿವಾಜಿನಗರದ ಕರೀಂ ಬಂದ. ಎಲ್ಲ ಬಿಚ್ಚಿ ನೋಡಿ, "ಮಿಷಿನ್ ಫಸ್ಟ್‌ಕ್ಲಾಸ್ ಇದೆ ಸಾರ್. ಪುಡಿನೂ ಸರಿ ಇದೆ. ನೀರು ಯಾವ್ದು?" ಎಂದ.

"ಕಾವೇರಿ. ದಿನ ಬಿಟ್ಟು ದಿನ ಬಿಡ್ತಾರೆ, ಕ್ಯಾಲೆಂಡರ್‌ನಲ್ಲಿ ಗುರುತು ಹಾಕಿದೀನಿ. ಇವತ್ತು ಕಾವೇರಿ ದಿನ."

ಬೇಸಿನ್ ಹತ್ತಿರ ಕೈ ತೊಳೆಯುತ್ತಿದ್ದ ಹುಸೇನಮ್ಮನಿಗೆ ತಡೆಯಲಾಗಲಿಲ್ಲ. "ಅಲ್ರಿ ಸಾಹೇಬ್ರ. ಬೋರಿನ ನೀರೈತ್ರಿ ಇದು."

"ನಿಂಗೆ ಹೇಗೆ ಗೊತ್ತು?"

"ಮೈಸೋಪು ಹಚ್ಚಿದ್ರ ಗೊತ್ತಾಗಂಗಿಲ್ಲೇನ್ರಿ? ಕಾವೇರಿ ಇದ್ರ ಎಷ್ಟ ತೊಳದ್ರೂ ಕೈ ಜಾರತೈತ್ರಿ. ಇದು ನೋಡ್ರಿ, ನೊರಿ ಒಡದು ಮೊಸರಿನಂಗ ಚೂರಾತು."

ಕರೀಂ ಚೀಲದಿಂದ ನೀರಿನ ಉಪ್ಪಿನಂಶ ಅಳೆಯುವ ಪೆನ್ನಿನಂಥ ಮೀಟರ್ ತೆಗೆದು ನೀರಿಗೆ ಅದ್ದಿದ. ಒಂಬೈನೂರ ಚಿಲ್ಲರೆ ತೋರಿಸಿತು. "ಬೋರೇ ಸಾರ್. ಗಡಸು ನೀರಿಗೆ ಎರಡು ಚಮಚ ಬೇಕು. ಒಂದೇ ಹಾಕಿದ್ರೆ ಕೊಳೆ ಬಟ್ಟೇಲೇ ಕೂರುತ್ತೆ. ಕಾವೇರಿಗೆ ಎರಡು ಹಾಕಿದ್ರೆ ಮತ್ತೆ ನೊರೆ ಉಕ್ಕುತ್ತೆ." ಕೆಳಗಿನ ವಾಚ್‌ಮನ್ ಮುನಿವೆಂಕಟಪ್ಪನನ್ನು ಕೂಗಿ ಕೇಳಿದರೆ, ಕಾವೇರಿ ಬಿಟ್ಟಿರಲಿಲ್ಲ, ತಾನೇ ಬೋರ್ ಹಾಕಿ ಟ್ಯಾಂಕ್ ತುಂಬಿಸಿದೆ ಎಂದ.

ಇನ್‌ಸ್ಪೆಕ್ಷನ್ ವಿಭಾಗದವರು ಒಂದೇ ಸಲಕ್ಕೆ ಒಪ್ಪುತ್ತಾರೆಯೇ? ನಾಣಿ ಅಡುಗೆಮನೆಗೆ ಹೋಗಿ ಬಾಗಿಲು ಹಾಕಿಕೊಂಡು ಮೂರು ಲೋಟ ನೀರು ತಂದಿಟ್ಟರು. ಹುಸೇನಮ್ಮ ಸೋಪಿನ ಚೂರು ಹಿಡಿದು ಕೂತಳು. ಇಲ್ಲಿ ತಪ್ಪಿದರೆ ಬಟ್ಟೆ ಕೆಲಸ ಇನ್ನೆಂದೂ ತನ್ನ ಕೈಗೆ ಬರುವುದಿಲ್ಲವೆಂದು ಅವಳಿಗೆ ಗೊತ್ತಿತ್ತು.

"ಇದು ಬೋರು," ಎಂದಳು ಮೊದಲನೆಯದಕ್ಕೆ. "ಇದು ಕಾವೇರಿ, ನೀವು ಕುಡಿಯಾಕ ಹಿಡದಿಟ್ಟಿದ್ದು." ಮೂರನೆಯದರಲ್ಲಿ ಬೆರಳು ಉಜ್ಜಿದಳು, ತೊಳೆದಳು, ಮತ್ತೆ ಉಜ್ಜಿದಳು. "ಇದರಾಗ ಎರಡೂ ಕೂಡಿಸೀರಿ. ನನ್ನ ಮ್ಯಾಲ ನಂಬಿಕಿ ಇಲ್ಲೇನ್ರಿ?"

ಸೀತಾಲಕ್ಷ್ಮಿ ನಕ್ಕ ನಗುವಿಗೆ ಕನ್ನಡಕ ಜಾರಿತು. "ಸಾಕಾ ರೀ? ಇಲ್ಲಾ ಇನ್ನೊಂದು ಲೋಟ ತರ್ತೀರಾ?"

ನಾಣಿ ತಲೆ ಕೆರೆದುಕೊಂಡರು. ಅದು ಕುತ್ತಿಗೆಯ ಕೆರೆತವಂತೂ ಆಗಿರಲಿಲ್ಲ.

ಮರುದಿನ ಬೆಳಗ್ಗೆ ಹುಸೇನಮ್ಮ ಬಂದಾಗ ಮಿಷಿನ್ನಿನ ಮೇಲಿನ ಗೋಡೆಗೆ ಒಂದು ಹಾಳೆ ಅಂಟಿಸಿತ್ತು. ಸ್ಕೇಲಿಟ್ಟು ಗೆರೆ ಎಳೆದ, ದಪ್ಪ ಅಕ್ಷರದ ಹಾಳೆ. ಅವಳು ಓದಿದ್ದು ನಾಲ್ಕನೇ ಇಯತ್ತೆ. ಬೆರಳಿಟ್ಟು ಒಂದೊಂದೇ ಅಕ್ಷರ ಕೂಡಿಸಿದಳು. ಕಾವೇರಿ, ಒಂದು ಚಮಚ. ಬೋರ್, ಎರಡು ಚಮಚ. ಎರಡೂ ಕಲೆತಿದ್ದರೆ, ಒಂದೂವರೆ. ಯಾವ ನೀರೆಂದು ಪರೀಕ್ಷಿಸಿ ಹೇಳುವವರು, ಹುಸೇನಮ್ಮ.

ತನ್ನ ಹೆಸರಿನ ಹತ್ತಿರ ಬೆರಳು ನಿಂತಿತು. ಇನ್ನೊಮ್ಮೆ ಓದಿದಳು. ಕೆಳಗೆ ಎರಡು ಸಹಿಗೆ ಜಾಗವಿತ್ತು, ಎರಡೂ ಖಾಲಿ.

"ಸಾಹೇಬ್ರ, ನೀವು ಸಹಿ ಹಾಕೋದು ಮರತೀರಿ."

ನಾಣಿ ಜೇಬಿನಿಂದ ಪೆನ್ನು ತೆಗೆದು ಅವಳ ಕೈಗೆ ಕೊಟ್ಟರು. "ಪರೀಕ್ಷೆ ಮಾಡಿದವರು ಮೊದಲು ಹಾಕ್ಬೇಕು ಹುಸೇನಮ್ಮ. ನಂದು ಆಮೇಲೆ."